ಸಹಾಯ ಬೇಕು: ಎದೆಉರಿ ಮಾತ್ರೆ ತಗೊಳ್ಳೋರಿಗೆ ಫುಡ್ ಪಾಯ್ಸನಿಂಗ್ ಬೇಗ ಆಗುತ್ತಾ?

ಎದೆಉರಿಗೆ ಡಾಕ್ಟರ್ ಪ್ಯಾಂಟೊಪ್ರಜೋಲ್ (ಹೊಟ್ಟೆ ಆಸಿಡ್ ಕಮ್ಮಿ ಮಾಡೋ ಮಾತ್ರೆ) ಬರ್ಕೊಟ್ಟಿದಾರೆ, ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ತಗೊಳ್ತೀನಿ, ಉರಿ ಏನೋ ಹಿಡಿತಕ್ಕೆ ಬಂದಿದೆ. ಆದ್ರೆ ಈಗೀಗ ಹೊರಗೆ ತಿಂದಾಗ್ಲೆಲ್ಲ ಹೊಟ್ಟೆ ಕೆಡ್ತಿದೆ, ಜೊತೇಲಿ ಅದನ್ನೇ ತಿಂದವ್ರು ಮಾತ್ರ ಆರಾಮಾಗಿರ್ತಾರೆ! ಓದ್ತಾ ಹೋದ್ರೆ, ಹೊಟ್ಟೆ ಆಸಿಡ್ ಪಿಎಚ್ (ಈ ಅಂಕಿ ಕಮ್ಮಿ ಇದ್ದಷ್ಟೂ ಆಸಿಡ್ ಜೋರು) ಸಾಮಾನ್ಯವಾಗಿ 1.5ರಿಂದ 3.5 ಇರುತ್ತಂತೆ, ಊಟದ ಜೊತೆ ಒಳಗೆ ಹೋಗೋ ಬ್ಯಾಕ್ಟೀರಿಯಾ ಬಹಳಷ್ಟು ಅಲ್ಲೇ ಸಾಯುತ್ತಂತೆ, ಈ ಮಾತ್ರೆ ತಗೊಂಡ್ರೆ ಪಿಎಚ್ 4 ದಾಟಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾ ಬದುಕಿ ಕರುಳಿಗೆ ಇಳಿಯೋ ಚಾನ್ಸ್ ಜಾಸ್ತಿ ಅಂತೆ.

ಹಾಗಂತ ಮಾತ್ರೆ ನಿಲ್ಸಿ ನೋಡ್ದೆ, ಉರಿ ಮೊದ್ಲಿಗಿಂತ ಜೋರಾಗಿ ಬಂತು (ಬಿಟ್ಟಾಗ ಆಸಿಡ್ ರೀಬೌಂಡ್ ಆಗುತ್ತಂತೆ, ಅಂದ್ರೆ ಸ್ವಲ್ಪ ದಿನ ಆಸಿಡ್ ಮೊದ್ಲಿಗಿಂತ ಜಾಸ್ತಿ ಬರುತ್ತಂತೆ, ಅದೊಂದು ಬೇರೆ ತಲೆನೋವು). ಆಂಟಾಸಿಡ್ ಸಿರಪ್ ಸ್ವಲ್ಪ ಹೊತ್ತಿಗಷ್ಟೇ. ಮಂಚದ ತಲೆ ಕಡೆ ಎತ್ತರ ಮಾಡೋದು, ರಾತ್ರಿ ಬೇಗ ಉಣ್ಣೋದು ಎಲ್ಲಾ ಆಯ್ತು.

ಗೊಂದಲ ಇರೋದು ಇಲ್ಲೇ: ಫ್ಯಾಮೊಟಿಡಿನ್ ಕೂಡ ಆಸಿಡ್ ಕಮ್ಮಿ ಮಾಡೋದೇ ತಾನೆ, ಅದಕ್ಕೆ ಬದಲಾದ್ರೆ ಈ ಇನ್ಫೆಕ್ಷನ್ ರಿಸ್ಕ್ ನಿಜವಾಗ್ಲೂ ಇಳಿಯುತ್ತಾ? ಅಥವಾ ಇದೇ ಮಾತ್ರೆ ಇಟ್ಕೊಂಡು ಅರೆಬೆಂದ ಮೊಟ್ಟೆ, ಕಾಯಿಸದ ಹಾಲು, ತಂಗಳು ಬಿಟ್ರೆ ಸಾಕಾ? ಮುಂದಿನ ಸಲ ಡಾಕ್ಟರ್ ಹತ್ರ ಏನಂತ ಕೇಳ್ಬೇಕು, ಡೋಸ್ ನಿಧಾನಕ್ಕೆ ಇಳಿಸಿದವ್ರು ಯಾರಾದ್ರೂ ಇದ್ರೆ ಹೇಳ್ತೀರಾ?