ನಿಲ್ಲಿಸಿಟ್ಟ ಜೆಟ್ ಸ್ಕೀಯ ಸಿಲಿಂಡರಿಗೆ ಆಯಿಲ್ ಇಳಿಯುತ್ತಿದೆ: ಮೂಲ ಪತ್ತೆ ಹಚ್ಚುವುದು ಹೇಗೆ?

ಪ್ರಶ್ನೆ

ನನ್ನ ಜೆಟ್ ಸ್ಕೀಯಲ್ಲಿರುವುದು (ನೀರಿನ ಮೇಲೆ ಓಡಿಸುವ ಸ್ಕೂಟರ್) ರೋಟರಿ ವಾಲ್ವ್ (ಒಳಬರುವ ಮಿಶ್ರಣದ ದಾರಿಯನ್ನು ತಿರುಗುತ್ತಾ ತೆರೆದು ಮುಚ್ಚುವ ತಟ್ಟೆ) ಇರುವ ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಕೆಲವು ವಾರ ಓಡಿಸದೆ ಇಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಎಂಜಿನ್ ಬಿಗಿಯಾಗಿ ತಿರುಗುತ್ತದೆ, ಸ್ಟಾರ್ಟ್ ಆದ ಮೇಲೂ ಬಹಳ ಹೊತ್ತು ದಟ್ಟ ಹೊಗೆ ಉಗುಳುತ್ತದೆ. ಹಿಂದಿನ ಸಿಲಿಂಡರಿನ ಪ್ಲಗ್ ಬಿಚ್ಚಿದರೆ ತುದಿಯಿಂದ ಆಯಿಲ್ ತೊಟ್ಟಿಕ್ಕುತ್ತದೆ, ಮುಂದಿನದು ಒಣಗಿರುತ್ತದೆ. ಓಡಿಸದಿದ್ದರೂ ಟ್ಯಾಂಕಿನಲ್ಲಿ ಆಯಿಲ್ ಕಡಿಮೆಯಾಗಿರುತ್ತದೆ. ಎರಡೂ ಸಿಲಿಂಡರುಗಳ ಕಂಪ್ರೆಷನ್ ಸಮನಾಗಿದೆ. ಪಿಸ್ಟನ್ ರಿಂಗ್ ಹೋಗಿದೆ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಎಂಜಿನ್ ಬಿಚ್ಚುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಲು ಸಾಧ್ಯವೇ?

ಉತ್ತರ 1

ಮೊದಲು ಒಂದು ಎಚ್ಚರಿಕೆ. ಬಿಗಿಯಾಗಿ ತಿರುಗುವಾಗ ಸ್ಟಾರ್ಟರ್ ಒತ್ತುತ್ತಲೇ ಇರಬೇಡಿ. ಆಯಿಲ್ ಗಾಳಿಯಂತೆ ಸಂಕುಚಿತಗೊಳ್ಳುವುದಿಲ್ಲವಾದ್ದರಿಂದ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಬಹುದು. ಎರಡೂ ಪ್ಲಗ್ ತೆಗೆದು, ಪ್ಲಗ್ ವೈರುಗಳನ್ನು ಅರ್ಥ್ ಮಾಡಿ, ಪ್ಲಗ್ ತೂತುಗಳ ಮೇಲೆ ದಪ್ಪ ಬಟ್ಟೆ ಹಾಸಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ ಆಯಿಲನ್ನು ಹೊರಹಾಕಿ. ಸೀಟು ತೆರೆದಿರಲಿ, ಪೆಟ್ರೋಲ್ ಆವಿ ಒಳಗೆ ನಿಲ್ಲಬಾರದು.

ರಿಂಗಿನ ಮಾತನ್ನು ನಾನು ಒಪ್ಪುವುದಿಲ್ಲ. ಫೋರ್-ಸ್ಟ್ರೋಕ್‌ನಲ್ಲಾದರೆ ಸವೆದ ರಿಂಗ್, ವಾಲ್ವ್ ಸೀಲ್, ಅಳತೆ ಮೀರಿ ತುಂಬಿದ ಆಯಿಲ್ ಎಲ್ಲವನ್ನೂ ಶಂಕಿಸಬೇಕು. ಟೂ-ಸ್ಟ್ರೋಕ್‌ನ ಕ್ರ್ಯಾಂಕ್‌ಕೇಸಿನಲ್ಲಿ (ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್‌ಶಾಫ್ಟ್ ತಿರುಗುವ ಪೆಟ್ಟಿಗೆ) ಆಯಿಲ್ ನಿಂತಿರಲೇ ಬಾರದು. ನಿಂತಿದೆಯೆಂದರೆ ಅದು ಬೇರೆಲ್ಲಿಂದಲೋ ಇಳಿದು ಬಂದದ್ದು.

ಉತ್ತರ 2

ಹೊರಬಂದ ದ್ರವವನ್ನು ಮೊದಲು ಬೆರಳಿಗೆ ಹಚ್ಚಿ ನೋಡಿ. ತೆಳ್ಳಗಿದ್ದು ಪೆಟ್ರೋಲ್ ವಾಸನೆ ಬಂದರೆ ಕಾರ್ಬ್ಯುರೇಟರಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಸೋರುತ್ತಿದೆ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಟ್ಯಾಂಕಿನಲ್ಲಿರುವ ಬಣ್ಣದ ಶುದ್ಧ ಆಯಿಲೇ ಆಗಿದ್ದರೆ ದಾರಿಗಳು ಮುಖ್ಯವಾಗಿ ಎರಡು.

ರೋಟ್ಯಾಕ್ಸ್ 717, 787ರಂತಹ ರೋಟರಿ ವಾಲ್ವ್ ಎಂಜಿನ್‌ಗಳಲ್ಲಿ ವಾಲ್ವ್ ಶಾಫ್ಟಿನ ಗೇರು ಎರಡು ಸಿಲಿಂಡರುಗಳ ನಡುವಿನ ಕೋಣೆಯೊಂದರಲ್ಲಿ ಆಯಿಲಿನಲ್ಲಿ ಮುಳುಗಿರುತ್ತದೆ. ಟ್ಯಾಂಕ್ ಮೇಲಿರುವುದರಿಂದ ದಪ್ಪ ಹೋಸಿನ ಮೂಲಕ ಆಯಿಲ್ ತನ್ನಷ್ಟಕ್ಕೆ ಅಲ್ಲಿಗೆ ಇಳಿಯುತ್ತದೆ, ಇನ್ನೊಂದು ಹೋಸ್ ಟ್ಯಾಂಕಿಗೆ ಮರಳುತ್ತದೆ. ಆ ಕೋಣೆಯ ಎರಡೂ ಬದಿಯಲ್ಲಿರುವ ಕ್ರ್ಯಾಂಕ್‌ಶಾಫ್ಟಿನ ಒಳ ಸೀಲುಗಳಲ್ಲಿ ಒಂದು ಸಡಿಲವಾದರೂ ಆ ಬದಿಯ ಕ್ರ್ಯಾಂಕ್‌ಕೇಸ್ ತುಂಬುತ್ತದೆ. ಇನ್ನೊಂದು ದಾರಿ ಆಯಿಲ್ ಪಂಪಿನ ಚೆಕ್ ವಾಲ್ವ್ (ಎಂಜಿನ್ ನಿಂತಾಗ ಆಯಿಲ್ ತಾನಾಗಿ ಹರಿಯದಂತೆ ತಡೆಯುವ ವಾಲ್ವ್).

ಎರಡನ್ನೂ ಬೇರ್ಪಡಿಸಲು, ಎಂಜಿನ್ ಒಣಗಿಸಿದ ಮೇಲೆ ಕೋಣೆಗೆ ಹೋಗುವ ಮತ್ತು ಅಲ್ಲಿಂದ ಮರಳುವ ಹೋಸುಗಳನ್ನು ಮಾತ್ರ ಕ್ಲಾಂಪ್ ಹಾಕಿ ಬಿಗಿದು, ಎಂದಿನಷ್ಟೇ ಕಾಲ ನಿಲ್ಲಿಸಿ. ಸಿಲಿಂಡರ್ ಒಣಗಿಯೇ ಉಳಿದರೆ ಸೀಲಿನದೇ ದೋಷ. ಮತ್ತೆ ತುಂಬಿದರೆ ಪಂಪನ್ನು ನೋಡಿ. ಲ್ಯಾನ್ಯಾರ್ಡನ್ನು (ಸ್ಟಾರ್ಟ್ ಮಾಡಲು ಸಿಕ್ಕಿಸಲೇಬೇಕಾದ ಸುರಕ್ಷತಾ ಹಗ್ಗ) ಆ ಕ್ಲಾಂಪಿಗೇ ಕಟ್ಟಿಡಿ. ಕ್ಲಾಂಪ್ ಮರೆತು ಸ್ಟಾರ್ಟ್ ಮಾಡಿದರೆ ಗೇರಿಗೆ ಹೊಸ ಆಯಿಲ್ ಸಿಗದೆ ಹಲ್ಲುಗಳು ಕಿತ್ತುಹೋಗುತ್ತವೆ.

ಪ್ರಶ್ನೆ ಕೇಳಿದವರಿಂದ

ಹೇಳಿದಂತೆಯೇ ಮಾಡಿದೆ. ಈ ಬಾರಿ ಹಿಂದಿನ ಪ್ಲಗ್ ಒಣಗಿತ್ತು, ಟ್ಯಾಂಕಿನ ಮಟ್ಟವೂ ಇಳಿದಿಲ್ಲ. ಹಾಗಾದರೆ ಪ್ರತಿ ಸಲ ಕ್ಲಾಂಪ್ ಹಾಕಿ ನಿಲ್ಲಿಸಿದರೆ ಸಾಕಲ್ಲವೇ?

ಉತ್ತರ 3

ಸಾಲದು. ಸೋರುವ ಸೀಲಿನಿಂದ ಓಡುವಾಗಲೂ ಆ ಸಿಲಿಂಡರಿಗೆ ಹೆಚ್ಚುವರಿ ಆಯಿಲ್ ಸೇರಿ ಪ್ಲಗ್ ಕೊಳೆಯಾಗುತ್ತದೆ.

ಬಿಚ್ಚುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ. ಕೋಣೆಯ ಆಯಿಲ್ ಬಸಿದು, ಒಂದು ಹೋಸಿನ ಬಾಯಿ ಮುಚ್ಚಿ, ಇನ್ನೊಂದರಿಂದ ಕೈಪಂಪಿನಲ್ಲಿ ಸುಮಾರು 5 ಪಿಎಸ್‌ಐ ಒತ್ತಡ ಕೊಟ್ಟು ಮೀಟರ್ ನೋಡಿ. ಒತ್ತಡ ಇಳಿಯುತ್ತಿದ್ದರೆ ಹಿಂದಿನ ಪಿಸ್ಟನ್ ಕೆಳಗಿರುವಂತೆ ಎಂಜಿನ್ ತಿರುಗಿಸಿ, ಪ್ಲಗ್ ತೂತಿಗೆ ಕಿವಿಗೊಡಿ: ಅಲ್ಲಿ ಗಾಳಿಯ ಸದ್ದು ಬಂದರೆ ಒಳ ಸೀಲು. ಕಾರ್ಬ್ಯುರೇಟರ್ ತೆಗೆದ ಬಾಯಿಯಲ್ಲಿ ಗುಳ್ಳೆ ಕಂಡರೆ ರೋಟರಿ ಶಾಫ್ಟಿನ ಸೀಲು. ಅದು ಬೇರೆಯೇ ಕೆಲಸ. ನಿಮ್ಮಲ್ಲಿ ಒಂದೇ ಸಿಲಿಂಡರ್ ಒದ್ದೆಯಾಗುವುದರಿಂದ ಒಳ ಸೀಲಿನದೇ ಹೆಚ್ಚು ಸಂಭವ.

ಒಳ ಸೀಲುಗಳು ಒತ್ತಿ ಜೋಡಿಸಿದ ಕ್ರ್ಯಾಂಕ್‌ಶಾಫ್ಟಿನ ಮಧ್ಯದಲ್ಲಿರುವುದರಿಂದ ಎಂಜಿನ್ ಇಳಿಸಿ, ಕ್ರ್ಯಾಂಕ್‌ಕೇಸ್ ಬಿಡಿಸಿ, ಶಾಫ್ಟನ್ನು ಪ್ರೆಸ್ ಇರುವವರಿಂದ ರೀಬಿಲ್ಡ್ ಮಾಡಿಸಬೇಕು, ಇಲ್ಲವೇ ಇಡೀ ಶಾಫ್ಟ್ ಬದಲಿಸಬೇಕು. ಹೇಗೂ ಬಿಚ್ಚಿದಾಗ ಬೇರಿಂಗುಗಳನ್ನೂ ಹೊರ ಸೀಲುಗಳನ್ನೂ ಹೊಸದಾಗಿ ಹಾಕಿಸಿ. ಜೋಡಿಸುವಾಗ ರೋಟರಿ ವಾಲ್ವಿನ ಟೈಮಿಂಗನ್ನು ಸರ್ವಿಸ್ ಮ್ಯಾನುಯಲ್‌ನ ಡಿಗ್ರಿಗೆ ಸರಿಯಾಗಿ ಕೂರಿಸಬೇಕು, ಸ್ಟಾರ್ಟ್ ಮಾಡುವ ಮೊದಲು ಪಂಪಿನಲ್ಲಿರುವ ಗಾಳಿಯನ್ನು ಪೂರ್ತಿ ತೆಗೆಯಬೇಕು.