ಇನ್ನೊಬ್ಬರ ಮಿಷನ್ ತಿದ್ದಿ ಮರಳಿ ಬಿಡುಗಡೆ ಮಾಡುವುದು: ಒಂದು ಚರ್ಚೆ

ಡೊಂಬಿವಲಿ ಲೋಕಲ್:
ಮುಂಬಯಿ, ಪುಣೆ, ಗೋವಾಗಳಲ್ಲಿ ಚದುರಿರುವ ನಮ್ಮ ಗೆಳೆಯರ ಗುಂಪು ಶನಿವಾರ ರಾತ್ರಿ ಆರ್ಮಾ 3 ಎಂಬ ಯುದ್ಧದ ಕಂಪ್ಯೂಟರ್ ಆಟ ಆಡುತ್ತದೆ. ಆಟಗಾರರು ತಾವು ಕಟ್ಟಿದ್ದನ್ನು ಹಂಚಿಕೊಳ್ಳುವ ತಾಣವಾದ ಸ್ಟೀಮ್ ವರ್ಕ್‌ಶಾಪ್‌ನಿಂದ ಇಳಿಸಿಕೊಂಡ, ಆಟದ ಆಲ್ಟಿಸ್ ಮ್ಯಾಪಿನ ಮೇಲೆ ಹತ್ತು ಮಂದಿ ಕೂಡಿ ಆಡಬೇಕಾದ ಒಂದು ಮಿಷನ್ನನ್ನು (ಆಟದೊಳಗಿನ ಕಾರ್ಯಾಚರಣೆಯನ್ನು) ನಾನು ನಾಲ್ವರಿಗೆ ಹೊಂದುವಂತೆ ತಿದ್ದಿದ್ದೇನೆ. ಕೊನೆಯ ಹಂತದಲ್ಲಿ ಕೈಕೊಡುತ್ತಿದ್ದ ಟ್ರಿಗರನ್ನೂ (ಷರತ್ತು ಈಡೇರಿದಾಗ ಮುಂದಿನ ಘಟನೆಯನ್ನು ನಡೆಸುವ ಅಂಶ) ಸರಿಪಡಿಸಿದ್ದೇನೆ. ಮೂಲ ರಚನಕಾರರು ಬಹುಕಾಲದಿಂದ ಎಲ್ಲಿಯೂ ಕಾಣಿಸಿಕೊಂಡಿಲ್ಲ. ತಿದ್ದಬಹುದು ಎಂದಾಗಲಿ ತಿದ್ದಬಾರದು ಎಂದಾಗಲಿ ವಿವರಣೆಯಲ್ಲಿ ಒಂದು ಸಾಲೂ ಇಲ್ಲ. ಅವರ ಹೆಸರನ್ನು ಉಳಿಸಿಕೊಂಡು ಈ ಆವೃತ್ತಿಯನ್ನು ವರ್ಕ್‌ಶಾಪ್‌ಗೆ ಏರಿಸಬಹುದೇ?

ಕೋಥ್ರೂಡ್ ಕನ್ನಡಿಗ:
ತಿದ್ದಿ ಆಡುವುದು ಒಂದು, ತಿದ್ದಿ ಹಂಚುವುದು ಇನ್ನೊಂದು. ಮೊದಲನೆಯದಕ್ಕೆ ಯಾರೂ ನಿಮ್ಮನ್ನು ತಡೆಯುವುದಿಲ್ಲ. ಎರಡನೆಯದಕ್ಕೆ ಮಾತ್ರ ಅನುಮತಿ ಬೇಕು. ವಿವರಣೆಯಲ್ಲಿ ಏನೂ ಬರೆದಿಲ್ಲ ಎಂಬುದು ಅನುಮತಿಯಾಗಲಾರದು. ಮಿಷನ್ನನ್ನು ಕಟ್ಟಿಟ್ಟಿರುವ ಪಿಬಿಒ ಕಡತವನ್ನು ಯಾರು ಬೇಕಾದರೂ ಬಿಚ್ಚಬಹುದು ಎಂಬ ವಾದವನ್ನು ಇಲ್ಲಿ ಹಲವರು ಹೂಡುತ್ತಾರಾದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಬಿಚ್ಚಲು ಬರುತ್ತದೆ ಎಂಬುದು ಆ ಕಡತದ ರಚನೆಯ ಗುಣವೇ ಹೊರತು ರಚನಕಾರರ ಒಪ್ಪಿಗೆಯಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಅದೇ ಕಾಯ್ದೆಯ 57ನೇ ಕಲಮು, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನೂ ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕನ್ನೂ ಕರ್ತೃವಿಗೇ ಉಳಿಸುತ್ತದೆ. ಶನಿವಾರದ ಆಟಕ್ಕಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ ಎಂಬುದು ನನಗೂ ಗೊತ್ತು. ಆದಕಾರಣವೇ ಶಿಷ್ಟಾಚಾರ ಬೇಕಾಗುತ್ತದೆ.

ವಾಸ್ಕೊ ಬಂದರು:
ಇಷ್ಟು ಬಿಗಿ ಹಿಡಿದಿದ್ದರೆ ಈ ಲೋಕವೇ ಹುಟ್ಟುತ್ತಿರಲಿಲ್ಲ. 2001ರಲ್ಲಿ, ಆರ್ಮಾ ತಯಾರಕರಾದ ಬೊಹೆಮಿಯಾ ಇಂಟರ್‌ಆ್ಯಕ್ಟಿವ್‌ನವರು ಆಪರೇಷನ್ ಫ್ಲ್ಯಾಶ್‌ಪಾಯಿಂಟ್ ಆಟದ ಜೊತೆಗೆ ಮಿಷನ್ ಕಟ್ಟುವ ಸಾಧನವಾದ ಎಡಿಟರನ್ನೂ ಕೊಟ್ಟರು. ಮುಂದಿನವರೆಲ್ಲ ಕಲಿತದ್ದು ಇತರರ ಮಿಷನ್ ತೆರೆದು ನೋಡಿಯೇ. ಆರ್ಮಾ 2ರ ಮೇಲೆ 2012ರಲ್ಲಿ ಡೇಝಡ್ ಮಾಡ್ (ಮೂಲ ಆಟವನ್ನು ಮಾರ್ಪಡಿಸಿದ ರೂಪ) ಬಂತು, ಅದರ ಮೇಲೆ ಬ್ಯಾಟಲ್ ರಾಯಲ್ ಮಾಡ್ ಬಂತು, ಅದನ್ನು ಕಟ್ಟಿದವರೇ 2017ರಲ್ಲಿ ಪಬ್‌ಜಿಯನ್ನು ತಂದರು. ವಾರ್‌ಕ್ರಾಫ್ಟ್ 3 ಆಟದ ಡೋಟಾ ಮ್ಯಾಪ್ ಕೂಡ ಕೈಯಿಂದ ಕೈಗೆ ದಾಟುತ್ತಲೇ ಬೆಳೆಯಿತು. ಮೂಲದವರ ಹೆಸರನ್ನು ದೊಡ್ಡದಾಗಿ ಹಾಕಿದರೆ ಸಾಕು.

ಘಾಟ್‌ಕೋಪರ್ ಪೂರ್ವ:
ವಾಸ್ಕೊದವರೇ, ಹೆಸರು ಹಾಕಿದರೆ ಸಾಕು ಎಂಬ ಮಾತಿಗೆ ಮಿಷನ್ ಕಟ್ಟುವವನಾಗಿ ನನ್ನ ತಕರಾರಿದೆ. ನನ್ನದೊಂದು ಮಿಷನ್ನನ್ನು ಒಬ್ಬರು ತಿದ್ದಿ ಏರಿಸಿದ್ದರು. ಸತ್ತ ಆಟಗಾರರು ಮರಳಿ ಬರುವ ವ್ಯವಸ್ಥೆಯನ್ನು ಬದಲಿಸಿದ್ದರು, ಮತ್ತು ನನ್ನ ಹೆಸರನ್ನು ಬಹಳ ಪ್ರಾಮಾಣಿಕವಾಗಿ ಮೇಲ್ಗಡೆಯೇ ಹಾಕಿದ್ದರು. ತೊಂದರೆಯಾದದ್ದು ಆ ಹೆಸರಿನಿಂದಲೇ. ಅವರು ತಂದ ದೋಷಗಳ ದೂರುಗಳೆಲ್ಲ ನನಗೆ ಬಂದವು. ನನ್ನ ಮಿಷನ್ನಿನಲ್ಲಿ ಇಲ್ಲದ ಸಾಲನ್ನು ನಾನು ಹೇಗೆ ಸರಿಪಡಿಸಲಿ?

ಇನ್ನೂ ಒಂದು ಸಂಗತಿಯಿದೆ. ವರ್ಕ್‌ಶಾಪ್‌ನಲ್ಲಿ ಪ್ರತಿಯೊಂದು ವಸ್ತುವಿಗೂ ಅದರದೇ ಸಂಖ್ಯೆ ಇರುವುದರಿಂದ, ಮೂಲಕ್ಕೆ ನಾನು ಮಾಡಿದ ತಿದ್ದುಪಡಿ ಆ ನಕಲಿಗೆ ಚಂದಾದಾರರಾದವರನ್ನು ಎಂದಿಗೂ ಮುಟ್ಟುವುದಿಲ್ಲ. ಅವರು ಹಳೆಯ ದೋಷವನ್ನೂ ಹೊಸ ದೋಷವನ್ನೂ ಒಟ್ಟಿಗೆ ಆಡುತ್ತಿರುತ್ತಾರೆ. ಸರ್ವರ್ ನಡೆಸುವವರ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಕಡತಗಳು ಇರಲಾರವಾದ್ದರಿಂದ, ಕಡತದ ಹೆಸರನ್ನೂ ಹಾಗೆಯೇ ಬಿಟ್ಟಿದ್ದರೆ ಒಂದು ಇನ್ನೊಂದನ್ನು ಅಳಿಸುತ್ತದೆ. ಆದ್ದರಿಂದ ಕೀರ್ತಿ ಯಾರದೆಂಬುದಕ್ಕಿಂತ, ಇನ್ನು ಮುಂದೆ ಇದಕ್ಕೆ ಉತ್ತರ ಕೊಡುವವರು ಯಾರು ಎಂಬುದನ್ನು ಮೊದಲು ಬರೆಯಬೇಕು. ಶೀರ್ಷಿಕೆ ಬೇರೆಯಿರಲಿ, ಕಡತದ ಹೆಸರು ಬೇರೆಯಿರಲಿ, ಏನೇನು ಬದಲಿಸಿದ್ದೀರಿ ಎಂಬ ಪಟ್ಟಿಯಿರಲಿ, ದೂರು ನಿಮಗೇ ಬರಲಿ. ಇವೆಲ್ಲ ಅನುಮತಿ ಸಿಕ್ಕ ನಂತರದ ಮಾತು.

ಮಾಟುಂಗಾ ಸೆಂಟ್ರಲ್:
ಯಕ್ಷಗಾನದವರನ್ನು ನೋಡಿ. ಮುಂಬಯಿಯಲ್ಲಿ ಸಭಾಗೃಹ ಸಿಗುವುದೇ ಕೆಲವು ಗಂಟೆಗಳಿಗೆ. ರಾತ್ರಿಯಿಡೀ ಆಡಬೇಕಾದ ಪ್ರಸಂಗವನ್ನು ಭಾಗವತರು ಪದ್ಯಗಳನ್ನು ಬಿಟ್ಟು ಅಷ್ಟರೊಳಗೆ ಮುಗಿಸುತ್ತಾರೆ. ಅದಕ್ಕಾಗಿ ಯಾರೂ ಪ್ರಸಂಗಕರ್ತರಿಗೆ ಅರ್ಜಿ ಹಾಕುವುದಿಲ್ಲ. ಹತ್ತು ಮಂದಿಯದನ್ನು ನಾಲ್ವರಿಗೆ ಇಳಿಸಿದ್ದೂ ಅಂಥದ್ದೇ ಅಲ್ಲವೇ?

ಕೋಥ್ರೂಡ್ ಕನ್ನಡಿಗ:
ನಿಮ್ಮ ಉದಾಹರಣೆ ನನ್ನ ಪಕ್ಷವನ್ನೇ ಬಲಪಡಿಸುತ್ತದೆ. ಪದ್ಯ ಬಿಟ್ಟು ಆಡಿದ್ದು ಆ ರಾತ್ರಿಯ ಆಟ, ಅಂದರೆ ನಮ್ಮ ಗೆಳೆಯರ ಶನಿವಾರ. ಹಾಗೆ ಕತ್ತರಿಸಿದ ಪ್ರಸಂಗವನ್ನು ಅಚ್ಚು ಹಾಕಿಸಿ ಮಾರುಕಟ್ಟೆಗೆ ಬಿಟ್ಟರೆ ಕರ್ತೃ ಕೇಳದೆ ಇರುತ್ತಾರೆಯೇ? ರಂಗದ ಮೇಲೂ ಎಲ್ಲವೂ ಮುಕ್ತವೆಂದುಕೊಳ್ಳಬೇಡಿ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯನ್ನು ಅವರ ಕಾಲಾನಂತರ ಪ್ರದರ್ಶಿಸಿದ್ದಕ್ಕೆ ವ್ಯಾಜ್ಯವೆದ್ದು, ಸುಪ್ರೀಂ ಕೋರ್ಟ್ 2009ರ ಜನವರಿಯಲ್ಲಿ, ಕಾಯ್ದೆಯೇ ಕೊಟ್ಟಿರುವ ವಿನಾಯಿತಿಗಳನ್ನು ಉಳಿಸಿ, ಉಯಿಲಿನ ಮೂಲಕ ಹಕ್ಕು ಪಡೆದವರ ಪರವಾಗಿ ನಿಂತಿತು.

ಡೊಂಬಿವಲಿ ಲೋಕಲ್:
ಈಗ ಫೋಲ್ಡರನ್ನು ಮತ್ತೆ ತೆರೆದು ನೋಡಿದೆ. ಆಟದಲ್ಲಿ ಗಾಯಾಳುಗಳನ್ನು ಹೊತ್ತೊಯ್ಯುವುದನ್ನು ನಡೆಸುವ ಸ್ಕ್ರಿಪ್ಟಿನ (ಕೋಡ್ ಕಡತದ) ಮೇಲ್ಭಾಗದಲ್ಲಿ ಬೇರೆ ಯಾರದೋ ಹೆಸರಿದೆ, ಮೂಲ ರಚನಕಾರರದಲ್ಲ.

ಘಾಟ್‌ಕೋಪರ್ ಪೂರ್ವ:
ಬಹುತೇಕ ಮಿಷನ್‌ಗಳ ಸ್ಥಿತಿ ಇದೇ. ಅಂದರೆ ಮಿಷನ್ ಕಟ್ಟಿದವರು ನಾಳೆಯೇ ನಿಮಗೆ ಒಪ್ಪಿಗೆ ಕೊಟ್ಟರೂ ಆ ಸ್ಕ್ರಿಪ್ಟನ್ನು ಹಂಚಲು ಅವರ ಒಪ್ಪಿಗೆ ಸಾಲದು. ಅದರ ಜೊತೆಗೆ ಪರವಾನಗಿ ಇದೆಯೇ ನೋಡಿ. ಆರ್ಮಾ ಪಬ್ಲಿಕ್ ಲೈಸೆನ್ಸ್ ಇದ್ದರೆ ಹೆಸರು ಉಳಿಸಿ, ಹಣ ಪಡೆಯದೆ, ಆರ್ಮಾ ಆಟಗಳೊಳಗೆ ತಿದ್ದಿ ಹಂಚಬಹುದು. ಅದರ ಶೇರ್ ಅಲೈಕ್ ರೂಪವಿದ್ದರೆ ನಿಮ್ಮದನ್ನೂ ಅದೇ ಷರತ್ತಿನ ಮೇಲೆ ಬಿಡಬೇಕು. ನೋ ಡೆರಿವೇಟಿವ್ಸ್ ಎಂದಿದ್ದರೆ ತಿದ್ದಿದ್ದನ್ನು ಹಂಚುವಂತಿಲ್ಲ. ಡೂಮ್ ಆಟದವರು ಇದನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ: ಆಟಗಾರರು ಕಟ್ಟಿದ ಹಂತಗಳ ಸಂಗ್ರಹವಾದ ಐಡಿಗೇಮ್ಸ್ ಭಂಡಾರಕ್ಕೆ ಹಂತ ಕಳಿಸುವಾಗ ಜೊತೆಗಿಡುವ ಪಠ್ಯ ಕಡತದ ನಮೂನೆಯಲ್ಲೇ, ಇತರರು ಇದನ್ನು ಆಧಾರವಾಗಿ ಬಳಸಬಹುದೋ ಬಾರದೋ ಎಂಬ ಸಾಲು ಇರುತ್ತದೆ. ನಮ್ಮಲ್ಲಿ ಕಟ್ಟುವವರೂ ಆ ಒಂದು ಸಾಲನ್ನು ಬರೆಯುವ ಅಭ್ಯಾಸ ಮಾಡಿಕೊಂಡಿದ್ದರೆ ಈ ಚರ್ಚೆಯ ಅರ್ಧ ಭಾಗ ಬೇಕಾಗುತ್ತಿರಲಿಲ್ಲ.

ವಾಸ್ಕೊ ಬಂದರು:
ರಚನಕಾರರು ಉತ್ತರಿಸದಿದ್ದರೆ? ಒಂದು ತಿಂಗಳು ಕಾದು ಏರಿಸಿಬಿಡಲಿ. ಆಟ ನವೀಕರಣವಾದಂತೆ ನೋಡುವವರಿಲ್ಲದ ಮಿಷನ್‌ಗಳು ಮುರಿದು ಬೀಳುತ್ತವೆ. ಶಿಷ್ಟಾಚಾರವನ್ನು ಕಾಪಾಡಿ ಮಿಷನ್ನನ್ನು ಸಾಯಲು ಬಿಡುವುದು ಯಾವ ಗೌರವ? ಅಷ್ಟಕ್ಕೂ ಖಾಸಗಿ ಆಟವೆಂದು ನೀವು ಕರೆಯುವುದೂ ಹಂಚಿಕೆಯೇ: ಆಟದ ಸರ್ವರಿನೊಳಗೆ ಬಂದ ಪ್ರತಿಯೊಬ್ಬರ ಕಂಪ್ಯೂಟರಿಗೂ ಮಿಷನ್ ಕಡತ ತಾನಾಗಿಯೇ ಇಳಿಯುತ್ತದೆ.

ಘಾಟ್‌ಕೋಪರ್ ಪೂರ್ವ:
ಇಳಿಯುವುದು ನಿಜ. ಆದರೆ ಪಾಸ್‌ವರ್ಡ್ ಇರುವ ಸರ್ವರಿನಲ್ಲಿ ಅದು ಯಾರ ಬಳಿ ಹೋಯಿತೆಂದು ನಿಮಗೆ ಗೊತ್ತಿರುತ್ತದೆ. ದೋಷ ಕಂಡರೆ ಅವರು ನಿಮ್ಮನ್ನೇ ಕೇಳುತ್ತಾರೆ, ಮೂಲದವರನ್ನಲ್ಲ. ವರ್ಕ್‌ಶಾಪ್‌ಗೆ ಏರಿದ ಕ್ಷಣದಿಂದ ಅದು ಅಪರಿಚಿತರ ಕೈಗೆ ಹೋಗುತ್ತದೆ. ಇನ್ನು ಒಂದು ತಿಂಗಳಾಗಲಿ ಒಂದು ವರ್ಷವಾಗಲಿ, ಕಾದ ಮಾತ್ರಕ್ಕೆ ಮೌನವು ಒಪ್ಪಿಗೆಯಾಗುವುದಿಲ್ಲ. ಮಿಷನ್ ಸಾಯಬಾರದೆಂಬ ನಿಮ್ಮ ಕಳವಳಕ್ಕೆ ಬೇರೆ ದಾರಿಯಿದೆ: ಟ್ರಿಗರಿನ ಯಾವ ಷರತ್ತನ್ನು ಹೇಗೆ ಬದಲಿಸಬೇಕೆಂದು ಮೂಲ ಮಿಷನ್ನಿನ ಪುಟದಲ್ಲೇ ಬರೆದಿಟ್ಟರೆ, ಬೇಕಾದವರು ತಮ್ಮ ಪ್ರತಿಯಲ್ಲಿ ತಿದ್ದಿಕೊಳ್ಳುತ್ತಾರೆ.

ವಾಸ್ಕೊ ಬಂದರು:
ಎಡಿಟರ್ ಬಳಸಲು ಬಾರದವರು ಏನು ಮಾಡಬೇಕು? ನಿಮ್ಮ ದಾರಿ ಬಲ್ಲವರಿಗೆ ಮಾತ್ರ. ನಾನು ಒಪ್ಪುವುದಿಲ್ಲ.

ಡೊಂಬಿವಲಿ ಲೋಕಲ್:
ರಚನಕಾರರಿಗೂ ಸ್ಕ್ರಿಪ್ಟ್ ಬರೆದವರಿಗೂ ಇಂದೇ ಪತ್ರ ಬರೆಯುತ್ತೇನೆ. ಟ್ರಿಗರಿನ ತಿದ್ದುಪಡಿಯನ್ನು ಮೂಲ ಪುಟದಲ್ಲಿ ಹಾಕುತ್ತೇನೆ. ಉತ್ತರ ಬರುವವರೆಗೆ ನಾಲ್ವರ ಆವೃತ್ತಿ, ಹೊಸ ಹೆಸರಿನಲ್ಲಿ, ನಮ್ಮ ಸರ್ವರಿನಲ್ಲೇ ಇರುತ್ತದೆ. ವಾಸ್ಕೊದವರೇ, ಎಡಿಟರ್ ಬಾರದವರು ಯಾರಾದರೂ ಕೇಳಿದರೆ ಶನಿವಾರ ನಮ್ಮ ಜೊತೆ ಆಡಲು ಕಳಿಸಿ, ಪಾಸ್‌ವರ್ಡ್ ಕೊಡುತ್ತೇನೆ.