ಗೋಸುಂಬೆಯ ಗೂಡಿಗೆ ಶಾಖದ ದೀಪ: ದೂರವನ್ನು ಎಲ್ಲಿಂದ ಅಳೆಯಬೇಕು?

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಒಂದು ವರ್ಷ ದಾಟಿದ ಗಂಡು ವೇಲ್ಡ್ ಗೋಸುಂಬೆಯನ್ನು (ತಲೆಯ ಮೇಲೆ ಎತ್ತರದ ಜುಟ್ಟಿನಂಥ ಏಣಿರುವ ಜಾತಿ) ಸಾಕಿದ್ದೇವೆ. ಜಾಲರಿಯ ಗೂಡಿನ ಮೇಲೆಯೇ 100 ವ್ಯಾಟ್ ಬಲ್ಬ್ ಇಟ್ಟಿದ್ದು, ಅದರ ಕೆಳಗಿನ ಕೊಂಬೆಗೆ ಲೇಸರ್ ಥರ್ಮಾಮೀಟರ್ ಹಿಡಿದರೆ 31 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. ಅಂಗಡಿಯವರು ಹೇಳಿದ್ದೂ ಅಷ್ಟೇ. ಆದರೂ ನಾಲ್ಕು ದಿನಗಳಿಂದ ಅದರ ಜುಟ್ಟಿನ ತುದಿಯಲ್ಲಿ ಉದ್ದಿನ ಕಾಳಿನಷ್ಟು ಕಪ್ಪು ಕಲೆಯಿದೆ. ದೀಪದಿಂದ ಸುಟ್ಟಿರಬಹುದೇ?

ಉತ್ತರ: ಪ್ರಾಣಿಯನ್ನು ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಮೈಬಣ್ಣ ಬದಲಾದಾಗಲೂ ಆ ಕಪ್ಪು ಹಾಗೆಯೇ ಉಳಿಯುತ್ತಿದ್ದರೆ ನನ್ನ ಅನುಮಾನ ಮೊದಲು ದೀಪದ ಮೇಲೆಯೇ. ನೀವು ಅಳೆದದ್ದು ಕೊಂಬೆಯ ಬಿಸಿಯನ್ನು, ಸುಟ್ಟಿರುವುದು ನೆತ್ತಿ. ಬೆಳೆದ ಗಂಡು ಕೊಂಬೆಯ ಮೇಲೆ ಕುಳಿತಾಗ ಅದರ ಜುಟ್ಟಿನ ತುದಿ ಕೊಂಬೆಗಿಂತ ಸುಮಾರು 10 ಸೆಂಟಿಮೀಟರ್ ಮೇಲಿರುತ್ತದೆ. ಬಲ್ಬಿಗೂ ಕೊಂಬೆಗೂ 20 ಸೆಂಟಿಮೀಟರ್ ಇದ್ದರೆ ಜುಟ್ಟಿಗೆ ಉಳಿಯುವುದು ಅದರರ್ಧ. ದೂರ ಅರ್ಧವಾದರೆ ಬೀಳುವ ಶಾಖ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಸರೀಸೃಪಗಳಿಗೆ ಚರ್ಮ ಸುಡುತ್ತಿದ್ದರೂ ತಕ್ಷಣ ಸರಿದುಕೊಳ್ಳಬೇಕೆಂದು ತೋಚುವುದಿಲ್ಲವಾದ್ದರಿಂದ, ಬಿಸಿಯಾದರೆ ತಾನೇ ಪಕ್ಕಕ್ಕೆ ಹೋಗುತ್ತದೆ ಎಂಬ ಭರವಸೆಯನ್ನು ಬಿಟ್ಟುಬಿಡಿ.

ವಯರ್ ಇರುವ ಪ್ರೋಬ್ ಥರ್ಮಾಮೀಟರ್ ತಂದು, ಅದರ ತುದಿಯನ್ನು ಕೊಂಬೆಯ ಮೇಲಲ್ಲ, ಜುಟ್ಟು ತಲುಪುವ ಎತ್ತರದಲ್ಲಿ ಕಟ್ಟಿ, ದೀಪ ಉರಿಸಿ ಒಂದು ಗಂಟೆ ಬಿಟ್ಟು ಓದಿ. ಅಲ್ಲಿ 29ರಿಂದ 31 ಡಿಗ್ರಿ ಇರಲಿ. 100ರ ಬದಲು 60 ವ್ಯಾಟ್ ಸಾಕಾಗಬಹುದು. ಜಾಲರಿಯಿಂದ 25-30 ಸೆಂಟಿಮೀಟರ್ ಕೆಳಗೆ ಕೊಂಬೆಯಿರಲಿ, ಅದಕ್ಕಿಂತ ಮೇಲೆ ಕುಳಿತುಕೊಳ್ಳಲು ಬೇರೆ ಜಾಗವಿರದಿರಲಿ.

ಇಷ್ಟಾದರೂ ಅದು ಇಕ್ಕಳದಂಥ ಪಾದಗಳಿಂದ ಚಾವಣಿಯ ಜಾಲರಿಯನ್ನು ಹಿಡಿದು, ಹೊಟ್ಟೆಯನ್ನು ದೀಪದತ್ತ ಮಾಡಿ ತಲೆಕೆಳಗಾಗಿ ನೇತಾಡುವುದುಂಟು. ದೀಪ ಜಾಲರಿಗೆ ತಾಗಿದ್ದರೆ ಆ ಲೋಹವೇ ಕಾದ ಬಾಣಲೆಯಾಗುತ್ತದೆ. ಆದ್ದರಿಂದ ಪಿಂಗಾಣಿ ಹೋಲ್ಡರಿನ ದೀಪವನ್ನು ಸ್ಟ್ಯಾಂಡಿನಿಂದ ಸರಪಳಿಯಲ್ಲಿ ಜಾಲರಿಗಿಂತ ಮೇಲೆ ತೂಗುಹಾಕಿ. ಕ್ಲಿಪ್ಪನ್ನು ಮಾತ್ರ ನಂಬಬೇಡಿ, ಅದು ಜಾರಿಬಿದ್ದರೆ ಪರದೆಗೆ ಬೆಂಕಿ ಹತ್ತಬಹುದು. ಅತಿನೇರಳೆ ಕಿರಣ ಬೀರುವ ಯುವಿಬಿ ಟ್ಯೂಬನ್ನು ಇದರ ಜೊತೆಗೆ ಮೇಲೆತ್ತಬೇಡಿ, ಅದರ ಲೆಕ್ಕವೇ ಬೇರೆ. ಗಾಯಕ್ಕೆ ಅರಿಸಿನ, ಮುಲಾಮು ಏನನ್ನೂ ಹಚ್ಚದೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿ ಈ ವಾರವೇ ಒಯ್ಯಿರಿ, ಏಕೆಂದರೆ ಸುಟ್ಟದ್ದರ ಆಳ ಹಲವು ದಿನಗಳ ನಂತರವೇ ತಿಳಿಯುತ್ತದೆ.

ತುಮಕೂರಿನಿಂದ ಇನ್ನೊಬ್ಬರು: ತೋಟದಲ್ಲಿ ಸಿಕ್ಕ ಗೋಸುಂಬೆಗೂ ಹೀಗೆಯೇ ದೀಪ ಇಡಬಹುದೇ ಸಾರ್?

ಉತ್ತರ: ಇಡುವ ಪ್ರಶ್ನೆಯೇ ಬರುವುದಿಲ್ಲ. ನಮ್ಮ ನಾಡಿನ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಮನೆಯಲ್ಲಿ ಸಾಕುವಂತಿಲ್ಲ. ಗಾಯವಿಲ್ಲದಿದ್ದರೆ ಸಿಕ್ಕಿದ ಪೊದೆಯಲ್ಲೇ ಬಿಟ್ಟುಬಿಡಿ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದಗಳು. ಇಲ್ಲೀಗ ಚಳಿಗಾಲ. ರಾತ್ರಿ ಕೆಂಪು ಬಲ್ಬ್ ಹಾಕಲೇ?

ಉತ್ತರ: ಬೇಡ. ಯೆಮನ್ ಮತ್ತು ಸೌದಿಯ ಬೆಟ್ಟಸೀಮೆಯಿಂದ ಬಂದ ಈ ಜಾತಿಗೆ ತಂಪಾದ ರಾತ್ರಿ ಹೊಸದಲ್ಲ; ಕೋಣೆ 18 ಡಿಗ್ರಿ ಇದ್ದರೂ ಸಾಕು, ಕತ್ತಲು ಮಾತ್ರ ಪೂರ್ತಿಯಾಗಿರಬೇಕು. ನಿದ್ದೆ ಹೋದ ಮೇಲೆ ಅದರ ಮೈ ತಿಳಿಬಣ್ಣಕ್ಕೆ ತಿರುಗುತ್ತದೆ. ಆಗ ಮೊಬೈಲಿನ ಮಂದ ಬೆಳಕಿನಲ್ಲಿ ಒಂದು ಕ್ಷಣ ನೋಡಿದರೆ ಜುಟ್ಟಿನ ಕಲೆಯ ಅಂಚು ಸ್ಪಷ್ಟವಾಗಿ ಕಾಣಿಸುತ್ತದೆ. ಆ ಚಿತ್ರವನ್ನು ತೆಗೆದುಕೊಂಡು ವೈದ್ಯರಿಗೆ ತೋರಿಸಿ.